ಹೈಲ್ಯಾಂಡರ್ ಸರಣಿ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಭಾನುವಾರ ಸಂಜೆ ಏಳೆಂಟು ಜನ ಸೇರಿ, ಗಿರಮಿಟ್ಟು ಮತ್ತು ಮಿರ್ಚಿಯ ಪೊಟ್ಟಣಗಳನ್ನು ನಡುವೆ ಇಟ್ಟುಕೊಂಡು, ‘ಹೈಲ್ಯಾಂಡರ್’ ಎಂಬ ಹಳೆಯ ಇಂಗ್ಲಿಷ್ ಸರಣಿಯನ್ನು ನೋಡುವ ರೂಢಿ ನಮಗಿದೆ. ಹೊಸಬರು ಒಬ್ಬರು ಬಂದರೆ ಸಾಕು, ಮೊದಲ ಅರ್ಧ ಗಂಟೆ ಅವರ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ಕಳೆಯುತ್ತದೆ ಮತ್ತು ಮಿರ್ಚಿ ಆರಿಹೋಗುತ್ತದೆ. ಆ ಕಾರಣಕ್ಕಾಗಿಯೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕಥೆಯ ತಿರುವುಗಳನ್ನು ನಾನು ಮುಚ್ಚಿಟ್ಟಿಲ್ಲವಾದ್ದರಿಂದ, ಏನೂ ತಿಳಿಯದೆ ನೋಡಬೇಕೆನ್ನುವವರು ಮೊದಲ ಐದಾರು ಪ್ರಶ್ನೆಗಳನ್ನಷ್ಟೇ ಓದಿ ನಿಲ್ಲಿಸುವುದು ಒಳ್ಳೆಯದು.

ಈ ಸರಣಿಯ ಕಥೆ ಏನು?

ಸ್ಕಾಟ್ಲೆಂಡಿನ ಗುಡ್ಡಗಾಡಿನ ಗ್ಲೆನ್‌ಫಿನ್ನನ್ ಎಂಬಲ್ಲಿ 1592ರಲ್ಲಿ ಹುಟ್ಟಿದ ಡಂಕನ್ ಮೆಕ್ಲೌಡ್ 1622ರಲ್ಲಿ ಒಂದು ಕಾಳಗದಲ್ಲಿ ಸಾಯುತ್ತಾನೆ ಮತ್ತು ಸತ್ತವನು ಎದ್ದು ಕೂರುತ್ತಾನೆ. ಮಾರಕ ಗಾಯ ಮಾಯ್ದದ್ದನ್ನು ಕಂಡ ಕುಲದವರು ಇದು ದೆವ್ವದ ಕೆಲಸವೆಂದು ಅವನನ್ನು ಹೊರಗಟ್ಟುತ್ತಾರೆ. ಮಗನೆಂದು ಸಾಕಿದ ತಂದೆಯೇ, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಎಲ್ಲಿಂದಲೋ ಬಂದ ಕೂಸು ಎಂದುಬಿಡುತ್ತಾನೆ. ಅಲ್ಲಿಂದ ನಾಲ್ಕು ಶತಮಾನಗಳ ಅಲೆದಾಟ ಆರಂಭವಾಗುತ್ತದೆ. ಅವನಂತೆ ಸಾವಿಲ್ಲದ ಅಮರರು ಬೇರೆಯವರೂ ಇದ್ದಾರೆ, ಕೊನೆಗೆ ಒಬ್ಬನೇ ಉಳಿಯುವವರೆಗೆ ಅವರು ತಮ್ಮತಮ್ಮಲ್ಲೇ ಕಾದಾಡುತ್ತಾರೆ. ಪ್ರತಿ ಕಂತಿನಲ್ಲೂ ಇಂದಿನ ಒಂದು ಘಟನೆ ಇರುತ್ತದೆ, ಅದರ ಬೇರು ಹಿಂದಿನ ಯಾವುದೋ ಶತಮಾನದಲ್ಲಿ ಇರುತ್ತದೆ, ಕಥೆ ಎರಡರ ನಡುವೆ ಮಗ್ಗದ ಲಾಳಿಯಂತೆ ಓಡಾಡುತ್ತದೆ. ಸರಣಿ 1992ರಿಂದ 1998ರವರೆಗೆ ಆರು ಋತುಗಳಲ್ಲಿ, ಒಟ್ಟು 119 ಕಂತುಗಳಲ್ಲಿ ಪ್ರಸಾರವಾಯಿತು. ಡಂಕನ್‌ನ ಪಾತ್ರ ವಹಿಸಿದವರು ಏಡ್ರಿಯನ್ ಪಾಲ್. ಫ್ರಾನ್ಸ್ ಮತ್ತು ಕೆನಡಾ ಕೂಡಿ ನಿರ್ಮಿಸಿದ್ದರಿಂದ ಬಹುಪಾಲು ಋತುಗಳ ಒಂದು ಭಾಗ ವ್ಯಾಂಕೂವರ್‌ನಲ್ಲಿಯೂ ಇನ್ನೊಂದು ಭಾಗ ಪ್ಯಾರಿಸ್‌ನಲ್ಲಿಯೂ ಚಿತ್ರಿತವಾಯಿತು. ಪ್ಯಾರಿಸ್ ಭಾಗದಲ್ಲಿ ನಾಯಕ ಸೇನ್ ನದಿಯ ಮೇಲೆ ಒಂದು ದೋಣಿಮನೆಯಲ್ಲಿ ಇರುತ್ತಾನೆ.

ಸಿನಿಮಾದ ಕೊನೆಗೆ ಒಬ್ಬನೇ ಉಳಿದಿದ್ದನಲ್ಲ, ಮತ್ತೆ ಈ ಜನ ಎಲ್ಲಿಂದ ಬಂದರು?

ಸರಣಿಗೆ ಮೂಲವಾದ 1986ರ ‘ಹೈಲ್ಯಾಂಡರ್’ ಸಿನಿಮಾದಲ್ಲಿ ಕ್ರಿಸ್ಟೋಫರ್ ಲ್ಯಾಂಬರ್ಟ್ ಅಭಿನಯಿಸಿದ ಕಾನರ್ ಮೆಕ್ಲೌಡ್ ಎಲ್ಲರನ್ನೂ ಗೆದ್ದು ಕೊನೆಯವನಾಗಿ ಉಳಿಯುವುದು ನಿಜ. ಸರಣಿಯವರು ಆ ಮುಕ್ತಾಯವನ್ನು ಸದ್ದಿಲ್ಲದೆ ಬದಿಗಿಟ್ಟು, ಕಾದಾಟ ಇನ್ನೂ ಮುಗಿದಿಲ್ಲವೆಂದು ಇಟ್ಟುಕೊಂಡು ಮುಂದೆ ನಡೆದರು. ಮೊದಲ ಕಂತಿಗೆ ಲ್ಯಾಂಬರ್ಟ್ ಅವರೇ ಬಂದು, ಅದೇ ಕುಲದ ಕಿರಿಯನಾದ ಡಂಕನ್‌ಗೆ ಕಥೆಯನ್ನು ಒಪ್ಪಿಸಿ ಹೋಗುತ್ತಾರೆ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಪ್ರಸಂಗವನ್ನು ಎರಡು ಊರಿನ ಬಯಲಾಟದ ಮೇಳಗಳು ಎರಡು ರೀತಿ ಮುಗಿಸಿದರೆ ನಾವು ಜಗಳಕ್ಕೆ ಹೋಗುವುದಿಲ್ಲವಷ್ಟೆ.

ಇವರು ಸಾಯುವುದು ಹೇಗೆ, ನಿಯಮಗಳೇನು?

ಗುಂಡು, ವಿಷ, ನೀರು, ಬೆಂಕಿ ಯಾವುದರಿಂದ ಸತ್ತರೂ ಅಮರರು ಮತ್ತೆ ಏಳುತ್ತಾರೆ. ತಲೆ ಕಡಿದರೆ ಮಾತ್ರ ಏಳುವುದಿಲ್ಲ. ಕಡಿದವನಿಗೆ ಸತ್ತವನ ಶಕ್ತಿಯೂ ಅರಿವೂ ಸಿಡಿಲಿನ ರೂಪದಲ್ಲಿ ಬಂದು ಸೇರುತ್ತವೆ. ಸುತ್ತಲಿನ ಗಾಜು ಪುಡಿಯಾಗುತ್ತದೆ, ದೀಪಗಳು ಸಿಡಿಯುತ್ತವೆ. ಇದಕ್ಕೆ ಸರಣಿಯಲ್ಲಿ ‘ಕ್ವಿಕನಿಂಗ್’ ಎನ್ನುತ್ತಾರೆ, ನಮ್ಮ ಕೋಣೆಯಲ್ಲಿ ‘ಟ್ರಾನ್ಸ್‌ಫಾರ್ಮರ್ ಹೋಯಿತು’ ಎನ್ನುತ್ತೇವೆ. ಒಬ್ಬನ ಎದುರು ಒಬ್ಬನೇ ಹೋರಾಡಬೇಕು, ಪವಿತ್ರ ನೆಲದ ಮೇಲೆ ಕತ್ತಿ ಎತ್ತಬಾರದು, ಕಟ್ಟಕಡೆಗೆ ಒಬ್ಬನೇ ಉಳಿಯಬೇಕು ಎಂಬವು ಮುಖ್ಯ ಕಟ್ಟಳೆಗಳು. ಅವರಿಗೆ ಮಕ್ಕಳಾಗುವುದಿಲ್ಲ. ಮೊದಲ ಸಲ ಯಾವ ವಯಸ್ಸಿನಲ್ಲಿ ಸತ್ತರೋ ಆ ವಯಸ್ಸಿನಲ್ಲೇ ದೇಹ ನಿಂತುಬಿಡುತ್ತದೆ. ಈ ಕೊನೆಯ ಮಾತಿನ ಕ್ರೌರ್ಯ ತಿಳಿಯಬೇಕಾದರೆ ಕೆನ್ನಿ ಎಂಬ ಹುಡುಗನ ಕಂತನ್ನು ನೋಡಬೇಕು. ಎಂಟುನೂರು ವರ್ಷ ಬದುಕಿದ ಅವನು ಇನ್ನೂ ಹತ್ತರ ಬಾಲಕನಂತೆಯೇ ಇದ್ದಾನೆ, ಕತ್ತಿಯ ತೋಳ್ಬಲ ಅವನಿಗೆ ಎಂದೂ ಬರುವುದಿಲ್ಲ. ಹಾಗಾಗಿ ದೊಡ್ಡವರ ಕರುಣೆಯನ್ನೇ ಆಯುಧ ಮಾಡಿಕೊಂಡು ಬೆನ್ನ ಹಿಂದಿನಿಂದ ಕೊಲ್ಲುತ್ತಾನೆ.

ಪವಿತ್ರ ನೆಲ ಎಂದರೆ ಚರ್ಚು ಮಾತ್ರವೇ?

ಅಲ್ಲ, ಯಾವ ಧರ್ಮದ್ದಾದರೂ ಸರಿ. ಅಂದರೆ ಡಂಕನ್ ಹುಬ್ಬಳ್ಳಿಗೆ ಬಂದರೆ ಉಣಕಲ್ಲಿನ ಚಂದ್ರಮೌಳೇಶ್ವರನ ಗುಡಿಯಲ್ಲೋ ಸಿದ್ಧಾರೂಢರ ಮಠದಲ್ಲೋ ನಿಶ್ಚಿಂತೆಯಿಂದ ಮಲಗಬಹುದು. ಲಕ್ಕುಂಡಿಗೆ ಹೋದರೆ ಕಾದಾಡಲು ಜಾಗ ಹುಡುಕುವುದೇ ಕಷ್ಟವಾದೀತು.

ಅಷ್ಟುದ್ದದ ಕತ್ತಿಯನ್ನು ಎಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ?

ಉದ್ದನೆಯ ಕೋಟಿನೊಳಗೆ. ಹೇಗೆ ಎಂದು ಕೇಳಬೇಡಿ, ಅಭಿಮಾನಿಗಳು ಮೂವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಆ ಕೋಟು ಹಾಕಿಕೊಂಡವನನ್ನು ಕೊಲ್ಲಲು ಬೇರೆ ಅಮರ ಬೇಕಾಗಿಲ್ಲ.

ಸ್ಕಾಟ್ಲೆಂಡಿನವನ ಕೈಯಲ್ಲಿ ಜಪಾನಿನ ಕತ್ತಿ ಹೇಗೆ ಬಂತು?

ಡಂಕನ್‌ಗೆ ಅದನ್ನು ಕೊಟ್ಟವನು ಹಿಡಿಯೊ ಕೊಟೊ ಎಂಬ ಸಮುರಾಯ್. ಕಥೆಯ ಪ್ರಕಾರ ಅದು ನಡೆದದ್ದು 1778ರಲ್ಲಿ, ಪರದೇಶಿಯರಿಗೆ ಜಪಾನಿನ ಬಾಗಿಲು ಮುಚ್ಚಿದ್ದ ಕಾಲದಲ್ಲಿ. ಕಡಲಿನಿಂದ ತೇಲಿಬಂದ ಅಪರಿಚಿತನಿಗೆ ಆಶ್ರಯ ಕೊಟ್ಟ ತಪ್ಪಿಗೆ ಆ ಸಮುರಾಯ್ ಪ್ರಾಣ ತೆರಬೇಕಾಗುತ್ತದೆ. ಹೀಗೆ ಆ ಕತ್ತಿ ಋಣದ ಗುರುತಾಗಿ ಬಂದದ್ದು, ಗೆದ್ದು ತಂದದ್ದಲ್ಲ. ಸಿನಿಮಾದಲ್ಲಿ ಕಾನರ್‌ನ ಕತ್ತಿಯನ್ನು ಮಸಮುನೆ ಎಂಬ ಕಮ್ಮಾರ ಕ್ರಿಸ್ತಪೂರ್ವ 593ರಲ್ಲಿ ಮಾಡಿದನೆಂಬ ಮಾತಿದೆ. ನಿಜವಾದ ಮಸಮುನೆ ಬದುಕಿದ್ದು ಕ್ರಿಸ್ತಶಕ ಹದಿಮೂರು ಮತ್ತು ಹದಿನಾಲ್ಕನೆಯ ಶತಮಾನಗಳ ಸಂಧಿಯಲ್ಲಿ. ಸುಮಾರು 1,900 ವರ್ಷಗಳ ತಪ್ಪು ಅದು. ಅಮರರ ಲೆಕ್ಕಕ್ಕೂ ಕೊಂಚ ಹೆಚ್ಚೇ ಆಯಿತು.

ಇದು ನಮ್ಮ ಅಶ್ವತ್ಥಾಮನ ಕಥೆಯೇ ಅಲ್ಲವೇ?

ಗದಗಿನಿಂದ ಬರುವ ಗೆಳೆಯನೊಬ್ಬ ಇದನ್ನು ಪ್ರತಿ ಬಾರಿ ಕೇಳುತ್ತಾನೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕುಳಿತು ಬರೆದನೆನ್ನುವ ಕಂಬವನ್ನು ನೋಡುತ್ತ ಬೆಳೆದವನು, ಕೇಳದೆ ಇರಲಾರ. ಆದರೆ ಹೋಲಿಕೆ ಮೇಲುಮೇಲಿನದು. ಮಹಾಭಾರತದ ಅಶ್ವತ್ಥಾಮನಿಗೆ ಕೃಷ್ಣನ ಶಾಪವಿರುವುದು ಮೂರು ಸಾವಿರ ವರ್ಷ, ಜೊತೆಗಾರರಿಲ್ಲದೆ, ಮಾತನಾಡುವವರಿಲ್ಲದೆ, ಕೀವು ನೆತ್ತರ ನಾತ ಹೊತ್ತು ಅಲೆಯಬೇಕೆಂದು. ಅಲ್ಲಿ ಸಾವಿಲ್ಲದಿರುವುದೇ ಶಿಕ್ಷೆ. ಡಂಕನ್‌ಗೆ ಅಂಥ ಶಾಪವಿಲ್ಲ, ಅವನು ಯಾವ ಊರಿಗೆ ಹೋದರೂ ಗೆಳೆತನ ಬೆಳೆಸುತ್ತಾನೆ, ಪ್ರೀತಿಸುತ್ತಾನೆ, ಬಳಿಕ ಅವರನ್ನೆಲ್ಲ ಮಣ್ಣು ಮಾಡುತ್ತಾನೆ.

ನನಗೆ ನೆನಪಾಗುವುದು ಬೇರೆ ಕಥೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನೆಂಬ ಸಿದ್ಧ ತನ್ನ ದೇಹವನ್ನು ವಜ್ರಕಾಯ ಮಾಡಿಕೊಂಡು ಅಲ್ಲಮನ ಮುಂದೆ ಬೀಗುತ್ತಾನೆ. ಕತ್ತಿಯಿಂದ ಹೊಡೆದರೆ ಅವನ ಮೈ ಲೋಹದಂತೆ ಖಣಿಲೆನ್ನುತ್ತದೆ, ಒಂದು ಕೂದಲೂ ಕೊಂಕುವುದಿಲ್ಲ. ಸದ್ದು ಬಂದಿತಲ್ಲ, ಅದೇ ಕೊರತೆ ಎಂಬುದು ಅಲ್ಲಮನ ನಿಲುವು. ಬಳಿಕ ಅಲ್ಲಮನ ಮೈಗೆ ಬೀಸಿದ ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಸರಣಿಯ ಅಮರರಲ್ಲಿ ಬಹುಪಾಲು ಜನ ಗೋರಕ್ಷರು, ಮೈ ಉಳಿಸಿಕೊಳ್ಳುವುದನ್ನೇ ಸಾಧನೆ ಎಂದುಕೊಂಡವರು. ಅಲ್ಲಮನ ಕಡೆಗೆ ಒಂದೆರಡು ಹೆಜ್ಜೆ ಇಟ್ಟವನು ಡೇರಿಯಸ್ ಒಬ್ಬನೇ. ಹಿಂದೆ ದಂಡನಾಯಕನಾಗಿ ಯುರೋಪನ್ನೇ ತುಳಿಯುತ್ತ ಬಂದವನು, ಪ್ಯಾರಿಸ್ಸಿನ ಬಾಗಿಲಲ್ಲಿ ಒಬ್ಬ ವೃದ್ಧ ಅಮರ ಸಂತನ ತಲೆ ಕಡಿದು, ಆ ಸಂತನ ಒಳ್ಳೆಯತನವೇ ತನ್ನೊಳಗೆ ಇಳಿದು, ಕತ್ತಿ ಕೆಳಗಿಟ್ಟು ಸನ್ಯಾಸಿಯಾದವನು. ಅವನಾಗಿ ನಟಿಸಿದ ವರ್ನರ್ ಸ್ಟಾಕರ್ 1993ರಲ್ಲಿ ತೀರಿಕೊಂಡರು. ಮೊದಲ ಋತುವಿನ ಕೊನೆಯಲ್ಲಿ ಡೇರಿಯಸ್ ತನ್ನ ಚರ್ಚಿನಲ್ಲಿಯೇ, ಅದೂ ಸಾಮಾನ್ಯ ಮನುಷ್ಯರ ಕೈಯಲ್ಲಿ, ಕೊಲೆಯಾಗುತ್ತಾನೆ. ಪವಿತ್ರ ನೆಲದ ಕಟ್ಟಳೆ ಅಮರರಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಆಗ ನಮಗೆ ತಿಳಿಯುತ್ತದೆ.

ಟೆಸ್ಸಾಳನ್ನು ಯಾಕೆ ಹಾಗೆ ಸಾಯಿಸಿದರು?

ನನ್ನ ಅಭಿಪ್ರಾಯದಲ್ಲಿ ಸರಣಿ ನಿಜವಾಗಿ ಆರಂಭವಾಗುವುದು ಅಲ್ಲಿಂದ. ಟೆಸ್ಸಾ ಫ್ರೆಂಚ್ ಶಿಲ್ಪಿ, ಡಂಕನ್ನನ ಜೊತೆ ಹನ್ನೆರಡು ವರ್ಷ ಬಾಳಿದವಳು, ಅವನ ಗುಟ್ಟೆಲ್ಲ ಬಲ್ಲವಳು. ಎರಡನೆಯ ಋತುವಿನಲ್ಲಿ ಒಂದು ಭಯಂಕರ ಸೆರೆಯಿಂದ ಅವಳನ್ನು ಬಿಡಿಸಿ ಹೊರಗೆ ಕಳಿಸುತ್ತಾರೆ, ಪ್ರೇಕ್ಷಕ ನಿಟ್ಟುಸಿರು ಬಿಡುತ್ತಾನೆ, ಅಷ್ಟರಲ್ಲಿ ಬೀದಿಯ ಒಬ್ಬ ಕ್ಷುಲ್ಲಕ ದರೋಡೆಗಾರ ಗುಂಡು ಹಾರಿಸುತ್ತಾನೆ. ಯಾವ ಶತ್ರುವೂ ಇಲ್ಲ, ಹಳೆಯ ಸೇಡೂ ಇಲ್ಲ. ಅದೇ ಗುಂಡಿನ ಸರದಿಯಲ್ಲಿ ಸತ್ತ ರಿಚಿ ಎಂಬ ಹುಡುಗ ಮಾತ್ರ ಅಮರನಾಗಿ ಎದ್ದು ಕೂರುತ್ತಾನೆ. ಒಂದೇ ರಸ್ತೆಯ ಮೇಲೆ ಬಿದ್ದ ಇಬ್ಬರಲ್ಲಿ ಒಬ್ಬರು ಏಳುತ್ತಾರೆ, ಒಬ್ಬರು ಏಳುವುದಿಲ್ಲ. ಮಾಳಿಗೆಯ ಕೋಣೆಯಲ್ಲಿ ಆ ಸಂಜೆ ಯಾರೂ ಮಾತನಾಡಲಿಲ್ಲ, ನಂತರ ಒಬ್ಬಳು ಎದ್ದು ಕೆಳಗೆ ಹೋಗಿ ಊರಿಗೆ ಫೋನು ಮಾಡಿ ಬಂದಳು.

ಮೆಥೋಸ್ ಎಂದರೆ ಎಲ್ಲರಿಗೂ ಅಷ್ಟು ಅಚ್ಚುಮೆಚ್ಚೇಕೆ?

ಐದು ಸಾವಿರ ವರ್ಷ ಬದುಕಿದ ಜೀವ ಎಂದಾಗ ಗಡ್ಡ ಬಿಟ್ಟ ಋಷಿಯೊಬ್ಬನನ್ನು ನಿರೀಕ್ಷಿಸುತ್ತೇವೆ. ಮೂರನೆಯ ಋತುವಿನಲ್ಲಿ ಬರುವವನು ಸ್ವೆಟರ್ ತೊಟ್ಟು, ಬಿಯರ್ ಬಾಟಲಿ ಹಿಡಿದು, ಸಂಶೋಧಕ ವಿದ್ಯಾರ್ಥಿಯಂತೆ ಕಾಣುವ ತೆಳ್ಳನೆಯ ಮನುಷ್ಯ. ಅಮರರ ಚರಿತ್ರೆ ಬರೆಯುವವರ ಗುಂಪಿನೊಳಗೇ ಸೇರಿಕೊಂಡು, ‘ಮೆಥೋಸ್ ಎಂಬವನು ನಿಜಕ್ಕೂ ಇದ್ದಾನೆಯೇ’ ಎಂಬ ವಿಷಯದ ಮೇಲೆ ತಾನೇ ಸಂಶೋಧನೆ ಮಾಡುತ್ತಿರುತ್ತಾನೆ. ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಮ್ಮ ಗೆಳತಿಗೆ ಇದಕ್ಕಿಂತ ಸುರಕ್ಷಿತವಾದ ಅಡಗುದಾಣ ಬೇರೊಂದಿಲ್ಲವೆಂಬುದರಲ್ಲಿ ಸಂದೇಹವಿಲ್ಲ, ಯಾಕೆಂದರೆ ಪ್ರಬಂಧ ಎಂದಿಗೂ ಮುಗಿಯುವುದಿಲ್ಲ.

ಆದರೆ ಅವನ ಪಾತ್ರ ಗಟ್ಟಿಯಾಗಿ ನೆಲೆನಿಲ್ಲುವುದು ಐದನೆಯ ಋತುವಿನಲ್ಲಿ. ಕಂಚಿನ ಯುಗದಲ್ಲಿ ನಾಲ್ವರು ಸವಾರರ ತಂಡದಲ್ಲಿ ಇವನೂ ಒಬ್ಬನಾಗಿ, ಊರಿಗೆ ಊರನ್ನೇ ಸುಟ್ಟು ಕೊಂದದ್ದು ಹೊರಬರುತ್ತದೆ. ಹೊಟ್ಟೆಪಾಡಿಗಲ್ಲ, ಸೇಡಿಗಲ್ಲ, ಹಿಡಿಸಿತು ಎಂಬ ಕಾರಣಕ್ಕೆ. ಅವನು ಅದನ್ನು ಅಲ್ಲಗಳೆಯುವುದೂ ಇಲ್ಲ, ಅತ್ತು ಕರೆದು ಕ್ಷಮೆ ಬೇಡುವುದೂ ಇಲ್ಲ. ಅಶ್ವತ್ಥಾಮನ ಹೋಲಿಕೆ ಎಲ್ಲಾದರೂ ಒಪ್ಪುವುದಾದರೆ ಅದು ಇಲ್ಲಿ. ಮಲಗಿದ್ದವರನ್ನು ಕೊಂದ ರಾತ್ರಿಯ ನಂತರವೂ ಬದುಕಿರಬೇಕಾದವನು ಏನು ಮಾಡಬೇಕು? ಮೂರು ಸಾವಿರ ವರ್ಷ ಒಳ್ಳೆಯವನಾಗಿದ್ದರೆ ಆ ಲೆಕ್ಕ ಚುಕ್ತಾ ಆಗುತ್ತದೆಯೇ? ಡಂಕನ್ ಇಲ್ಲವೆನ್ನುತ್ತಾನೆ, ಆದರೂ ಗೆಳೆತನ ಬಿಡಲಾರ. ನಮ್ಮ ಕೋಣೆಯಲ್ಲಿ ಈ ವಿಷಯಕ್ಕೆ ಎರಡು ಪಂಗಡಗಳಿವೆ, ನಾನು ಇಲ್ಲವೆನ್ನುವವರ ಕಡೆ. ಪಾತ್ರಧಾರಿ ಪೀಟರ್ ವಿಂಗ್‌ಫೀಲ್ಡ್ ವೈದ್ಯಕೀಯ ಓದನ್ನು ಬಿಟ್ಟು ನಟನೆಗೆ ಬಂದವರು, ಎಷ್ಟೋ ವರ್ಷಗಳ ನಂತರ ಮತ್ತೆ ಕಾಲೇಜು ಸೇರಿ ವೈದ್ಯರಾದರು.

ನಿಮಗೆ ಯಾವ ಪಾತ್ರ ಇಷ್ಟ?

ಜೋ ಡಾಸನ್. ಇದನ್ನು ಹೇಳಿದಾಗ ಹೊಸಬರು ನಿರಾಶರಾಗುತ್ತಾರೆ, ಯಾಕೆಂದರೆ ಜೋ ಅಮರನಲ್ಲ, ಕತ್ತಿ ಹಿಡಿಯುವುದಿಲ್ಲ, ಊರುಗೋಲು ಹಿಡಿದು ನಡೆಯುವ ನಡುವಯಸ್ಸಿನ ಮನುಷ್ಯ. ಎರಡನೆಯ ಋತುವಿನ ಆರಂಭದಲ್ಲಿ ಅವನು ಬರುತ್ತಾನೆ. ಅಮರರನ್ನು ದೂರದಿಂದ ಗಮನಿಸಿ, ಅವರ ಹುಟ್ಟು, ಕಾಳಗ, ಸಾವುಗಳನ್ನು ಬರೆದಿಡುವ ‘ವಾಚರ್’ಗಳೆಂಬ ರಹಸ್ಯ ಗುಂಪಿಗೆ ಸೇರಿದವನು. ನೋಡಬೇಕು, ಬರೆಯಬೇಕು, ನಡುವೆ ಕೈ ಹಾಕಬಾರದು ಎಂಬುದು ಅವರ ಪ್ರತಿಜ್ಞೆ. ಕಥೆಯಲ್ಲಿ ಜೋ ವಿಯೆಟ್ನಾಂ ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡವನು. ನಟ ಜಿಮ್ ಬರ್ನ್ಸ್ ನಿಜಜೀವನದಲ್ಲಿಯೂ 1972ರ ರಸ್ತೆ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡವರು ಮತ್ತು ಒಳ್ಳೆಯ ಬ್ಲೂಸ್ ಗಾಯಕರು. ಸರಣಿಯಲ್ಲಿ ಜೋ ನಡೆಸುವ ಬಾರಿನಲ್ಲಿ ಗಿಟಾರು ನುಡಿಸಿ ಹಾಡುವವರು ಅವರೇ.

ಇದನ್ನು ಮೊದಲ ಸಲ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಹೆಳವರು. ಹಾನಗಲ್ಲ ತಾಲ್ಲೂಕಿನ ನಮ್ಮ ಅಜ್ಜನ ಊರಿಗೆ ಸುಗ್ಗಿ ಮುಗಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ, ಎತ್ತಿನೊಂದಿಗೆ ಹೆಳವ ಬರುತ್ತಿದ್ದ. ಅಂಗಳದಲ್ಲಿ ಕಂಬಳಿ ಹಾಸಿ ಕೂತು, ಬಟ್ಟೆಯ ಗಂಟು ಬಿಚ್ಚಿ, ಹೊತ್ತಿಗೆ ತೆರೆದು, ನಮ್ಮ ಮನೆತನ ಎಲ್ಲಿಂದ ಎದ್ದು ಎಲ್ಲಿ ನಿಂತಿತು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಜೋಳ, ಬಟ್ಟೆ, ಒಳ್ಳೆಯ ಕಾಲವಿದ್ದರೆ ಒಂದು ಕರು ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಹೆಳವ ಎಂಬ ಶಬ್ದಕ್ಕೆ ಕಾಲಿಲ್ಲದವನು ಎಂಬ ಅರ್ಥವೇ ಇದೆ. ಅವರ ಮೂಲಪುರುಷ ನಡೆಯಲಾರದೆ ಎತ್ತಿನ ಮೇಲೆ ಕೂತು ಊರೂರು ತಿರುಗಿದನೆಂದು ಅವರೇ ಹೇಳಿಕೊಳ್ಳುತ್ತಾರೆ. ಕಾಲಿಲ್ಲದ ಒಬ್ಬ ಮನುಷ್ಯ ಬೇರೆಯವರ ವಂಶದ ಲೆಕ್ಕವನ್ನು ಎದೆಗೆ ಅವುಚಿಕೊಂಡು ನಡೆಯುವ ಚಿತ್ರ ಸ್ಕಾಟ್ಲೆಂಡಿನ ಕಥೆಯೊಳಗೆ ಹೀಗೆ ಬಂದು ಕೂತದ್ದು ಕಾಕತಾಳೀಯ ಇರಬಹುದು, ನನಗೆ ಮಾತ್ರ ಆ ದಿನದಿಂದ ಇಡೀ ಸರಣಿ ಬೇರೆಯಾಗಿ ಕಂಡಿತು.

ನನ್ನ ವಾದ ಇಷ್ಟೇ. ‘ಕೊನೆಗೆ ಒಬ್ಬನೇ’ ಎಂಬ ಘೋಷಣೆ ಸರಣಿಯ ಹಣೆಪಟ್ಟಿ, ಅದರ ಹೂರಣ ಬೇರೆ ಇದೆ. ಕೊನೆಯವನಾಗಿ ಉಳಿದವನಿಗೆ ಯಾರ ಹೆಸರೂ ಕರೆಯುವಂತಿಲ್ಲ, ಅವನ ಹೆಸರನ್ನು ಕರೆಯಲೂ ಯಾರೂ ಇಲ್ಲ. ಅಂಥ ಗೆಲುವು ಯಾರಿಗೆ ಬೇಕು? ಡಂಕನ್ ಕುಲದಿಂದ ಹೊರಗಟ್ಟಿಸಿಕೊಂಡವನಾದರೂ ಎದುರಾಳಿಯ ಮುಂದೆ ನಿಂತಾಗಲೆಲ್ಲ ‘ಮೆಕ್ಲೌಡ್ ಕುಲದ ಡಂಕನ್ ಮೆಕ್ಲೌಡ್’ ಎಂದೇ ಹೇಳಿಕೊಳ್ಳುತ್ತಾನೆ. ಅವನನ್ನು ಆ ಕುಲದ ಪುಟದಲ್ಲಿ ಬರೆದಿಟ್ಟುಕೊಂಡವನು ಜೋ. ಈ ಬರೆಯುವವನು ಪ್ರತಿಜ್ಞೆ ಮುರಿದು ಗೆಳೆಯನಾಗುತ್ತಾನೆ, ಆ ತಪ್ಪಿಗೆ ನಾಲ್ಕನೆಯ ಋತುವಿನ ಕೊನೆಯಲ್ಲಿ ತನ್ನ ಗುಂಪಿನವರಿಂದಲೇ ಮರಣದಂಡನೆಗೆ ಗುರಿಯಾಗಿ ಕೂದಲೆಳೆಯಲ್ಲಿ ಪಾರಾಗುತ್ತಾನೆ. ಸಾವಿಲ್ಲದವನಿಗಾಗಿ ಸಾಯುವವನು ತಲೆ ಒಡ್ಡುವ ಆ ಎರಡು ಕಂತುಗಳ ಮುಂದೆ ಸರಣಿಯ ಯಾವ ಖಡ್ಗಯುದ್ಧವೂ ನನಗೆ ದೊಡ್ಡದೆನಿಸುವುದಿಲ್ಲ.

ಒಂದು ಆಕ್ಷೇಪವನ್ನೂ ದಾಖಲಿಸಬೇಕು. ಹೆಳವನ ಹೊತ್ತಿಗೆಯಲ್ಲಿ ನಮ್ಮ ಅಜ್ಜನ ಅಜ್ಜನ ಹೆಸರಿತ್ತು, ಅಜ್ಜಿಯ ಹೆಸರು ಇರಲಿಲ್ಲ. ವಾಚರ್‌ಗಳ ಪುಸ್ತಕದಲ್ಲೂ ಕತ್ತಿ ಹಿಡಿದವರಿಗೆ ಒಂದೊಂದು ಸಂಪುಟ, ಟೆಸ್ಸಾಳಂಥವರಿಗೆ ಅದರೊಳಗೆ ಒಂದೆರಡು ಸಾಲು.

ವೀರಗಲ್ಲುಗಳ ನಾಡಿನವರಿಗೆ ಇದರಲ್ಲಿ ಹೊಸದೇನಿದೆ?

ತಲೆ ಕೊಡುವ, ತಲೆ ತೆಗೆಯುವ ಕಥೆ ನಮಗೆ ಹೊಸದಲ್ಲ, ಸಿಡಿದಲೆ ಕೊಟ್ಟವರ ಕಲ್ಲುಗಳೇ ಕರ್ನಾಟಕದಲ್ಲಿ ಇವೆ. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಅಲ್ಲಿನ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಇಂಥ ಕಲ್ಲುಗಳ ಮೇಲೆ ಕೆತ್ತಿಸುತ್ತಿದ್ದ ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕ, ಕ್ಷಣದಲ್ಲಿ ಅಳಿಯುವ ಕಾಯಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂದು ಮುಗಿಯುತ್ತದೆ. ನಮ್ಮ ವೀರ ಸತ್ತು ಕಲ್ಲಾಗಿ ಉಳಿದ. ಸರಣಿಯ ವೀರ ಸಾಯದೆ ಉಳಿದು, ತನ್ನವರಿಗೆ ತಾನೇ ಕಲ್ಲು ನೆಡುತ್ತ ಹೋಗುತ್ತಾನೆ. ಹೊಸದು ಅದು.

ಭಾರತದ ಕಥೆ ಇರುವ ಕಂತು ಹೇಗಿದೆ?

ನಾಲ್ಕನೆಯ ಋತುವಿನ ‘ದಿ ರಾತ್ ಆಫ್ ಕಾಳಿ’ ಎಂಬ ಕಂತಿನಲ್ಲಿ ನಮ್ಮ ಕಬೀರ್ ಬೇಡಿ ಕಮೀರ್ ಎಂಬ ಅಮರನಾಗಿ ಬರುತ್ತಾರೆ. ಅವರ ನಿಲುವು ಮತ್ತು ದನಿ ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ಕಥೆ ಮಾತ್ರ ಅರೆಬೆಂದದ್ದು. ಪರದೇಶದ ಪಾಲಾದ ಕಾಳಿಯ ವಿಗ್ರಹವನ್ನು ಅದರ ಭಕ್ತ ಮರಳಿ ಕೇಳುವುದು ನ್ಯಾಯವೋ ಅಲ್ಲವೋ ಎಂಬ ಗಟ್ಟಿ ಪ್ರಶ್ನೆ ಕೈಯಲ್ಲಿದ್ದರೂ, ಬರೆದವರು ಭಕ್ತನನ್ನು ಥಗ್ಗನನ್ನಾಗಿ ಮಾಡಿ, ಬ್ರಿಟಿಷ್ ಅಧಿಕಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹರಡಿದ ಚಿತ್ರಕ್ಕೇ ಜೋತುಬಿದ್ದಿದ್ದಾರೆ. ಕೇಳುವವನು ಕೊಲೆಗಾರನಾದ ಮೇಲೆ ಅವನ ಹಕ್ಕಿನ ಬಗ್ಗೆ ಯಾರೂ ಯೋಚಿಸಬೇಕಾಗಿಲ್ಲವಲ್ಲ.

ಐದನೆಯ ಋತುವಿನ ಕೊನೆಯ ಬಗ್ಗೆ ಯಾಕೆ ಮಾತನಾಡುವುದಿಲ್ಲ?

ಮಾತನಾಡಿದರೆ ಸಿಟ್ಟು ಬರುತ್ತದೆ. ಮೊದಲ ಕಂತಿನಲ್ಲಿ ಕಳ್ಳತನಕ್ಕೆ ಅಂಗಡಿಗೆ ನುಗ್ಗಿದ ಪೋರ ರಿಚಿಯನ್ನು ಐದು ವರ್ಷ ಮಗನಂತೆ ಬೆಳೆಸಿ, ಆಮೇಲೆ ಅಹ್ರಿಮಾನ್ ಎಂಬ ಪಾರಸಿ ಪುರಾಣದ ದುಷ್ಟಶಕ್ತಿಯನ್ನು ಎಲ್ಲಿಂದಲೋ ತಂದು, ಅದರ ಮಾಯೆಯಲ್ಲಿ ಸಿಲುಕಿದ ಡಂಕನ್ನನ ಕೈಯಿಂದಲೇ ಅವನ ತಲೆ ಕಡಿಸಿದರು. ಸರಣಿಯಲ್ಲಿ ಅಲ್ಲಿಯವರೆಗೆ ದೆವ್ವವಿರಲಿಲ್ಲ, ಮನುಷ್ಯರ ಆಯ್ಕೆಗಳಿದ್ದವು. ರಿಚಿಯಾಗಿದ್ದ ಸ್ಟಾನ್ ಕರ್ಶ್ 2020ರಲ್ಲಿ ತೀರಿಕೊಂಡ ಸುದ್ದಿ ಬಂದ ವಾರ ನಾವು ಆ ಕಂತನ್ನು ಬಿಟ್ಟು ಮೊದಲನೆಯದನ್ನೇ ಮತ್ತೆ ಹಾಕಿದೆವು. ಆರನೆಯ ಋತು ಬರೀ 13 ಕಂತುಗಳದ್ದು, ಸೊರಗಿದ್ದು. ಡಂಕನ್ ಇಲ್ಲದೆ ಹೋಗಿದ್ದರೆ ಗೆಳೆಯರ ಗತಿ ಏನಾಗುತ್ತಿತ್ತು ಎಂದು ತೋರಿಸುವ ಕೊನೆಯ ಎರಡು ಕಂತುಗಳಿಗಾಗಿ ಅದನ್ನು ಸಹಿಸಬಹುದು. ಅಲ್ಲಿ ಅವನ ಕೈ ಹಿಡಿದು ತಿರುಗಿಸುವವನು ಸತ್ತುಹೋಗಿದ್ದ ತುಂಟ ಗೆಳೆಯ ಫಿಟ್ಜ್‌ಕೇರ್ನ್, ಅಂದರೆ ‘ದಿ ಹೂ’ ತಂಡದ ಗಾಯಕ ರೋಜರ್ ಡಾಲ್ಟ್ರಿ.

ನಂತರ ಬಂದವುಗಳನ್ನು ನೋಡಬೇಕೇ?

ಸರಣಿಯಲ್ಲಿ ಆಗಾಗ ಬರುವ ಅಮರ ಹೆಣ್ಣು, ಕಳ್ಳತನದಲ್ಲಿ ಪಳಗಿದ ಅಮಾಂಡಾಳನ್ನು ನಾಯಕಿ ಮಾಡಿದ ‘ದಿ ರೇವನ್’ 22 ಕಂತುಗಳಿಗೇ ನಿಂತುಹೋಯಿತು, ಅವಳಿಗಾಗಿ ನೋಡಬಹುದು. 2000ದ ‘ಎಂಡ್‌ಗೇಮ್’ ಸಿನಿಮಾದಲ್ಲಿ ಕಾನರ್ ತಾನಾಗಿ ಡಂಕನ್ನನಿಗೆ ತಲೆ ಒಪ್ಪಿಸುವ ದೃಶ್ಯವೊಂದಿದೆ, ಅಷ್ಟು ಸಾಕು. 2007ರ ‘ದಿ ಸೋರ್ಸ್’ ಸಿನಿಮಾವನ್ನು ನೋಡಬೇಡಿ.

ಎಲ್ಲಿಂದ ಆರಂಭಿಸಲಿ?

ಮೊದಲ ಕಂತು ನೋಡಿ, ಮೊದಲ ಋತುವಿನಲ್ಲಿ ಬೇಸರ ಬಂದದ್ದನ್ನೆಲ್ಲ ದಾಟಿಸಿ, ಡೇರಿಯಸ್ ಇರುವ ಕಂತುಗಳನ್ನು ಮಾತ್ರ ಬಿಡಬೇಡಿ. ಎರಡನೆಯ ಋತುವಿನಿಂದ ಕ್ರಮವಾಗಿ ನೋಡಿ. ಕೊಲೆಗಳಿರುವುದರಿಂದ ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳುವುದು ಬೇಡ.

ಭಾನುವಾರ ನಾವೂ ಬರಬಹುದೇ?

ಬರಬಹುದು. ಈಗ ಮೂರನೆಯ ಋತು ನಡೆದಿದೆ, ಮೆಥೋಸ್ ಇನ್ನೂ ಬಂದಿಲ್ಲ. ಮಿರ್ಚಿಯನ್ನು ದುರ್ಗದ ಬೈಲಿನಿಂದ ತರುವ ಸರದಿ ಹೊಸಬರದು. ನಮ್ಮಲ್ಲಿ ಒಂದು ನೋಟುಪುಸ್ತಕವೂ ಇದೆ, ಯಾವ ದಿನ ಯಾವ ಕಂತು, ಯಾರು ಬಂದಿದ್ದರು ಎಂದು ಬರೆದಿಡುತ್ತೇವೆ. ಬಂದವರು ಕೂರುವ ಮುಂಚೆ ಅದರಲ್ಲಿ ಹೆಸರು ಬರೆಯಬೇಕು, ತಾಯಿಯ ಹೆಸರನ್ನೂ ಸೇರಿಸಿ.